ಬೀಗರಿಗಾಗಿ ತುಂಬಿಟ್ಟ ನೀರು

ರದ್ದು ಮಾಡಿದರೆ ರೊಕ್ಕ ವಾಪಸ್ ಬರುವುದಿಲ್ಲ ಎಂದು ಮೊಬೈಲಿನಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ನಾನು ಓದಿಯೇ ಒತ್ತಿದ್ದೆ. ಅಕ್ಕನ ಮಗಳ ಮದುವೆ ಗಟ್ಟಿಯಾಗಿತ್ತು, ತಾರೀಖೂ ಗಟ್ಟಿಯಾಗಿತ್ತು. ರದ್ದು ಮಾಡುವ ಮಾತೇ ಇಲ್ಲವೆಂದ ಮೇಲೆ ಅಗ್ಗದ ದರ ಬಿಟ್ಟು ದುಬಾರಿ ಕೋಣೆ ಹಿಡಿಯಲು ನನಗೇನು ತಲೆ ಕೆಟ್ಟಿತ್ತೇ? ಇಂಥ ಜಾಣತನ ಮಾಡಿದಾಗೆಲ್ಲ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವುದು ರೂಢಿ. ಅವತ್ತೂ ತಟ್ಟಿಕೊಂಡೆ.

ಅಸಲಿಗೆ ಬೀಗರನ್ನು ಹೋಟೆಲಿನಲ್ಲಿ ಇಳಿಸುವ ಪದ್ಧತಿ ನಮ್ಮಲ್ಲಿಲ್ಲ. ಓಣಿಯಲ್ಲಿ ಯಾರಾದರೊಬ್ಬರು ತಮ್ಮ ಮನೆ ತೆರವು ಮಾಡಿ ಕೊಡುತ್ತಾರೆ. ಗಂಡಿನ ಕಡೆಯವರು ಅಲ್ಲಿ ಜಳಕ ಮಾಡಿ, ಚಹಾ ಕುಡಿದು, ಅದು ಸರಿಯಿಲ್ಲ ಇದು ಸರಿಯಿಲ್ಲ ಎಂದು ಮುಖ ಊದಿಸಿಕೊಳ್ಳಬೇಕು. ಹೆಣ್ಣಿನ ಕಡೆಯವರು ಹೋಗಿ ರಮಿಸಬೇಕು. ಆದರೆ ಅದು ಬರದ ವರ್ಷ. ಭಾಲ್ಕಿಯಲ್ಲಿ ಅಕ್ಕನ ಓಣಿಗೆ ವಾರಕ್ಕೊಮ್ಮೆ ನಳ ಬಂದರೆ ಬಂತು. ಟ್ಯಾಂಕರ್ ಮುಂದೆ ಕೊಡ ಇಡುವ ಜಗಳದಲ್ಲಿ ಒಂದೇ ಗಂಗಾಳದಲ್ಲಿ ಉಂಡು ಬೆಳೆದವರು ಮಾತು ಬಿಟ್ಟಿದ್ದರು. ಮನೆ ಕೊಡಲು ಯಾರೂ ಒಲ್ಲೆ ಅನ್ನಲಿಲ್ಲ. ಬರುವವರ ಜಳಕಕ್ಕೆ ನೀರು ಎಂದಕೂಡಲೇ ಎಲ್ಲರೂ ನೆಲ ನೋಡಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಂಥ ಮುಂಗೋಪಿಗೂ ಆಗಲಿಲ್ಲ.

ಹಾಗಾಗಿ ಮದುವೆಯನ್ನೇ ಬೀದರಿಗೆ ತಂದೆವು. ನಾನಿರುವ ನೌಬಾದದ ಹತ್ತಿರ, ಬೋರ್‌ವೆಲ್ ಇನ್ನೂ ಬತ್ತಿರದ ಒಂದು ಕಲ್ಯಾಣ ಮಂಟಪ. ಬೀಗರಿಗೆ ಹೋಟೆಲಿನಲ್ಲಿ ಮೂರು ಕೋಣೆ. ಭಾವ ತೀರಿಕೊಂಡು ವರ್ಷಗಳಾಗಿದ್ದವು. ಸೋದರಮಾವನಾದ ನಾನೇ ಹುಡುಗಿಗೆ ತಂದೆಯ ಜಾಗದಲ್ಲಿದ್ದೆ.

ಹುಡುಗನದು ಔರಾದ ತಾಲೂಕಿನ ಒಂದು ಹಳ್ಳಿ. ಕುರಿ, ಮಳೆ ನಂಬಿದ ಹೊಲ, ನಮ್ಮಂಥದೇ ಮನೆತನ. ಮಾತುಕತೆ ಮುಗಿದು ಹುಡುಗಿಗೆ ಸೀರೆ ಉಡಿಸಿ ಹೋದ ಮೇಲೆ, ಮೇವಿಲ್ಲದೆ ಕುರಿ ಮಾರಿ ಮನೆ ಮಂದಿಯೆಲ್ಲ ಪುಣೆಯ ಕಡೆ ಕೆಲಸಕ್ಕೆ ಹೋದರು. ಮದುವೆ ಹೊತ್ತಿಗೆ ಬರುತ್ತೇವೆ ಎಂದಿದ್ದರು. ದಿನ ಹತ್ತಿರ ಬಂದಾಗ ಬಂದದ್ದು ಹುಡುಗನ ಅಪ್ಪನ ಫೋನು. ಮಗ ಅಲ್ಲಿಯದೇ ಒಂದು ಸಂಬಂಧ ನೋಡಿಕೊಂಡಿದ್ದಾನೆ, ತಾವಿನ್ನು ಊರಿಗೆ ಮರಳುವವರಲ್ಲ, ಹುಡುಗಿಗೆ ಬೇರೆ ಕಡೆ ನೋಡಿರಿ ಎಂದ. ಬೈಯಲು ಬಾಯಿ ತೆರೆದೆ. ಆ ಕಡೆ ಅವನು ಅಳುತ್ತಿದ್ದ. ಅಳುವವನನ್ನು ಹೇಗೆ ಬೈಯುವುದು?

ಆದರೂ ಮನಸ್ಸು ಕೇಳದೆ ಮೋಟರ್‌ಸೈಕಲ್ ಹತ್ತಿ ಅವರ ಹಳ್ಳಿಗೆ ಹೋಗಿ ಬಂದೆ. ಬಾಗಿಲಿಗೆ ಕೀಲಿ ಬಿದ್ದಿತ್ತು. ಕುರಿದೊಡ್ಡಿಯ ಮುಳ್ಳುಬೇಲಿಯನ್ನು ಕೂಡ ಯಾರೋ ಒಲೆಗೆ ಒಯ್ದಿದ್ದರು. ಇವರು ಬರುವುದಿಲ್ಲ ಎಂದು ನನಗೆ ಅಲ್ಲಿಯೇ ಖಾತ್ರಿಯಾಯಿತು. ಭಾಲ್ಕಿಗೆ ಬಂದು ಅಕ್ಕನಿಗೆ ಹೇಳಿದರೆ ಅವಳು ಅಳಲಿಲ್ಲ. ಎದ್ದು ಹೋಗಿ ಚಹಾ ಮಾಡಿ ತಂದಳು.

ಕಲ್ಯಾಣ ಮಂಟಪದವರು ಪರಿಚಯದವರು, ಮುಂಗಡ ವಾಪಸ್ ಕೊಟ್ಟರು. ಉಳಿದದ್ದು ಹೋಟೆಲು. ಅಕ್ಕ ತಾನೂ ಬರುತ್ತೇನೆಂದು ಬೀದರಿಗೆ ಬಂದಳು. ಕೌಂಟರಿನಲ್ಲಿದ್ದ ಮ್ಯಾನೇಜರ್ ದಕ್ಷಿಣದ ಕಡೆಯವನು, ಸಭ್ಯ. ಅಗ್ಗದ ದರದ ಬುಕಿಂಗಿಗೆ ರೊಕ್ಕ ವಾಪಸ್ ಇಲ್ಲ ಎಂದೇ ಶುರುಮಾಡಿದ. ಆಮೇಲೆ ನಮ್ಮ ಮುಖ ನೋಡಿ ಸಡಿಲಾದ. ಮನೆಯಲ್ಲಿ ಸಾವಾಗಿದ್ದರೆ, ಇಲ್ಲವೇ ಮದುವೆಯೇ ಮುರಿದಿದ್ದರೆ ಮಾಲೀಕರಿಗೆ ಹೇಳಿ ಪೂರ್ತಿ ಕೊಡಿಸುತ್ತೇನೆ. ಬರೀ ಮುಂದಕ್ಕೆ ಹೋಗಿದ್ದರೆ ಒಂದು ಸಲ ತಾರೀಖು ಬದಲಿಸಿ ಕೊಡಬಹುದು, ಅಷ್ಟೇ ಎಂದ. ಕೆಲಸವಾಯಿತು ಎಂದುಕೊಂಡು ನಾನು ಬಾಯಿ ತೆರೆಯುವುದರೊಳಗೆ ಅಕ್ಕ ಮುಂದೆ ಬಂದಳು.

“ಲಗ್ನ ಮುಂದ ಹೋಗ್ಯಾದ್ರಿ. ಬರೂ ಹುಣ್ಣಿಮಿ ಮರದಿನಕ್ಕ ಬರಕೋರಿ.”

ನಮ್ಮ ಕಡೆ ಹೆಣ್ಣಿನ ಮನೆಯವರು ಮದುವೆ ಮುರಿಯಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಆ ಮಾತು ಹುಡುಗಿಯ ಹೆಸರಿಗೆ ಅಂಟಿಕೊಳ್ಳುತ್ತದೆ. ಮುಂದಕ್ಕೆ ಹೋಗಿದೆ ಎನ್ನುತ್ತೇವೆ. ಕೇಳಿದವರು ತಿಳಿದುಕೊಳ್ಳುತ್ತಾರೆ, ಮತ್ತೆ ಕೇಳುವುದಿಲ್ಲ. ಊರ ತುಂಬ ನಡೆಯುವ ಈ ವ್ಯವಹಾರ ಆ ಪರವೂರಿನ ಮನುಷ್ಯನಿಗೆ ಹೇಗೆ ತಿಳಿಯಬೇಕು? ಅವನು ಹೊಸ ತಾರೀಖು ಬರೆದುಕೊಂಡು ಒಳ್ಳೆಯದಾಗಲಿ ಎಂದು ಹರಸಿ ಕಳಿಸಿದ.

ಹೊರಗೆ ಬಂದು ನಾನು ರಸ್ತೆಯಲ್ಲೇ ಹರಿಹಾಯ್ದೆ. ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು, ಇಲ್ಲದ ಮದುವೆಗೆ ಮೂರು ಕೋಣೆ ಇಟ್ಟುಕೊಂಡು ಏನು ಮಾಡುತ್ತೀ ಎಂದೆ. ಅಕ್ಕ ಸೆರಗು ಸರಿಮಾಡಿಕೊಂಡಳು.

“ಆ ಮಾತು ನನ್ನ ಬಾಯಿಂದ ಬರೂದಿಲ್ಲ, ತಮ್ಮಾ. ನೀನೂ ಅನ್ನಬ್ಯಾಡ.”

ಹುಣ್ಣಿಮೆ ಬರುವ ಹೊತ್ತಿಗೆ ನನ್ನ ಸಿಟ್ಟು ಇಳಿದಿತ್ತು. ಕೋಣೆಗಳು ಹೇಗೂ ಇವೆ, ಹೋಗಿ ಒಂದು ದಿನ ಮನಸಾರೆ ಜಳಕವನ್ನಾದರೂ ಮಾಡೋಣ ಎಂದೆ. ಸೀಗೆಪುಡಿ ಇಡೀ ಭಾಲ್ಕಿಗೆ ಸಾಕಾಗುವಷ್ಟು ತಾ ಎಂದು ಅಕ್ಕನ ಮಗಳನ್ನು ಚೇಷ್ಟೆ ಮಾಡಿದೆ. ಬಹಳ ದಿನದ ಮೇಲೆ ಅವಳು ಸ್ವಲ್ಪ ನಕ್ಕಳು. ಅಕ್ಕ ಬೇಡ ಅನ್ನಲಿಲ್ಲ. ತಾನೇ ಎಲ್ಲರಿಗಿಂತ ಮೊದಲು ಸಿದ್ಧಳಾಗಿ ನಿಂತಳು.

ಹೋಟೆಲಿನಲ್ಲಿ ನಳ ತಿರುಗಿಸಿದರೆ ನೀರು ಬಂತು. ಹುಡುಗಿ ಅಂಗೈ ಒಡ್ಡಿ ನೋಡುತ್ತ ನಿಂತಳು. ಅಕ್ಕ ಮಾತ್ರ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡಿ, ಬಕೆಟ್ಟು, ತಂಬಿಗೆ, ಮಗ್ಗು, ಕುಡಿಯುವ ಗ್ಲಾಸು ಕೂಡ ಬಿಡದೆ ತುಂಬಿದಳು. ಬಕೆಟ್ಟುಗಳ ಮೇಲೆ ಟವೆಲ್ ಮುಚ್ಚಿದಳು. ನಾನು ಜಳಕಕ್ಕೆ ಹೊರಟರೆ ಬಾಗಿಲಿಗೆ ಅಡ್ಡ ನಿಂತಳು. ನಳದಲ್ಲಿ ನೀರು ಬರುತ್ತಲೇ ಇರುತ್ತದೆ, ಇದು ಭಾಲ್ಕಿಯಲ್ಲ ಎಂದು ನಗಾಡಿದೆ. ಬಂದವರು ಮೊದಲು ಮಾಡಲಿ, ಆಮೇಲೆ ನಾವು ಎಂದಳು.

ಬರುವವರು ಯಾರು ಎಂದು ಕೇಳಿದೆ. ಆಗ ಹೇಳಿದಳು. ಔರಾದಿನಿಂದ ಪುಣೆಗೆ ಹೋಗುವ ಒಬ್ಬ ಹೆಣ್ಣುಮಗಳ ಕೈಯಲ್ಲಿ ಹುಡುಗನ ತಾಯಿಗೆ ಸುದ್ದಿ ಕಳಿಸಿದ್ದಳಂತೆ. ಬೀದರಿನಲ್ಲಿ ನಿಮ್ಮ ಹೆಸರಿನಲ್ಲಿ ಕೋಣೆ ಇವೆ, ನೀರಿದೆ, ಒಮ್ಮೆ ಬಂದು ಕೂತು ಮಾತಾಡಿ ಹೋಗಿರಿ ಎಂದು. ನೋಡೋಣ ಎಂದು ಉತ್ತರ ಬಂದಿತ್ತಂತೆ. ನಮ್ಮ ಭಾಗದಲ್ಲಿ ನೋಡೋಣ ಎಂದರೆ ಇಲ್ಲ ಎಂದೇ. ಅದು ಅಕ್ಕನಿಗೂ ಗೊತ್ತು. ಎಷ್ಟೋ ಮಂದಿಗೆ ಅವಳೇ ಹಾಗೆ ಹೇಳಿ ಕಳಿಸಿದ್ದಾಳೆ. ಹುಡುಗಿ ನಮ್ಮಿಬ್ಬರನ್ನೂ ನೋಡಿ ಕಿಟಕಿಯ ಹತ್ತಿರ ಹೋದಳು.

ಅಕ್ಕ ಕೆಳಗಿಳಿದು ಕೌಂಟರಿನ ಎದುರಿನ ಸೋಫಾದ ತುದಿಯಲ್ಲಿ ಕೂತಳು. ಊಟಕ್ಕೆ ಕರೆದರೆ ಬರಲಿಲ್ಲ. ಬಾಗಿಲು ತೆರೆದಾಗೆಲ್ಲ ಎದ್ದು ನಿಲ್ಲುತ್ತಿದ್ದಳು. ಸೂಟ್‌ಕೇಸು ಹಿಡಿದವರು ಒಳಗೆ ಬಂದು ಹೋದ ಮೇಲೆ ಮತ್ತೆ ಕೂಡುತ್ತಿದ್ದಳು. ನಾನೂ ಹುಡುಗಿಯೂ ಅವಳ ಅಕ್ಕಪಕ್ಕ ಕೂತೆವು. ಎದ್ದು ಬಾ ಅಕ್ಕಾ ಎನ್ನುವ ಧೈರ್ಯ ನನಗೆ ಬರಲಿಲ್ಲ.

ಸಂಜೆ ಮ್ಯಾನೇಜರ್ ಹತ್ತಿರ ಬಂದ. ಅಡುಗೆಯವರಿಗೆ ಹೇಳಬೇಕು, ಬೀಗರು ಎಷ್ಟು ಮಂದಿ, ಯಾವಾಗ ಬರುತ್ತಾರೆ ಎಂದು ನಯವಾಗಿ ಕೇಳಿದ. ಬರ್ತಾರ, ಹಾದಿ ಮ್ಯಾಲ ಅದಾರ ಎಂದು ಅಕ್ಕ ಅನ್ನುತ್ತಿರುವಾಗಲೇ ಹುಡುಗಿ ಎದ್ದು ನಿಂತಳು.

“ಯಾರೂ ಬರೂದಿಲ್ರಿ. ನನ್ನ ಲಗ್ನ ಮುರದದ.”

ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವತ್ತೇ ಹೇಳಿದ್ದರೆ ರೊಕ್ಕ ಕೊಡಿಸುತ್ತಿದ್ದೆನಲ್ಲ ಎಂದು ಮ್ಯಾನೇಜರ್ ನನ್ನ ಕಡೆ ತಿರುಗಿ ಮೆಲ್ಲಗೆ ಅಂದ. ಪಾಪ, ಅವನ ತಪ್ಪೇನೂ ಇರಲಿಲ್ಲ. ಹುಡುಗಿ ತಾಯಿಯ ರಟ್ಟೆ ಹಿಡಿದು ಎಬ್ಬಿಸಿ ಮೆಟ್ಟಿಲ ಕಡೆ ನಡೆಸಿಕೊಂಡು ಹೋದಳು. ನಾನು ಹಿಂದಿನಿಂದ ಹೋದೆ.

ಅಕ್ಕನನ್ನು ಉಟ್ಟ ಸೀರೆಯಲ್ಲೇ ಹುಡುಗಿ ಬಚ್ಚಲಿನ ನೆಲದ ಮೇಲೆ ಕೂಡಿಸಿದಳು. ಬಕೆಟ್ಟಿನ ಮೇಲಿನ ಟವೆಲ್ ತೆಗೆದು ತಂಬಿಗೆಯಿಂದ ತಲೆಗೆ ನೀರು ಹಾಕತೊಡಗಿದಳು. ಸಾಕು, ಅವರಿಗೆ ಬೇಕಾಗ್ತದ ಎಂದು ಅಕ್ಕ ಕೈ ಅಡ್ಡ ಹಿಡಿದಳು. ಹುಡುಗಿ ಆ ಕೈ ಸರಿಸಿ ಇನ್ನೊಂದು ತಂಬಿಗೆ ಸುರಿದಳು. ಆಗ ಅಕ್ಕ ಅತ್ತಳು. ಭಾವ ಸತ್ತಾಗಲೂ ಹಾಗೆ ಅತ್ತದ್ದನ್ನು ನಾನು ಕೇಳಿರಲಿಲ್ಲ. ಬಾಗಿಲ ಹೊರಗೆ ನಿಂತ ನನಗೂ ಕಣ್ಣು ತುಂಬಿ ಬಂದವು.

“ಅಳು ಅವ್ವಾ,” ಎಂದಳು ಹುಡುಗಿ. “ಇಲ್ಲಿ ನೀರು ಭಾಳ ಅದ.”

ಆ ಬಕೆಟ್ಟು ಮುಗಿದ ಮೇಲೆ ಅವಳು ನಳ ತಿರುಗಿಸಲಿಲ್ಲ. ನನ್ನ ಕಡೆ ನೋಡಿದಳು. ನಾನು ಪಕ್ಕದ ಕೋಣೆಗೆ ಹೋಗಿ ಬೀಗರಿಗಾಗಿ ತುಂಬಿಟ್ಟಿದ್ದ ಬಕೆಟ್ಟು ಹೊತ್ತು ತಂದೆ. ಅದು ಮುಗಿದ ಮೇಲೆ ಅದರಾಚೆಯ ಕೋಣೆಯದನ್ನೂ ತಂದು ಕೊಟ್ಟೆ.