ಕೌದಿ ಹೊಲಿದ ಬೆರಳಿಗೊಂದು ಗಿಟಾರ್

ಹೋದ ವರ್ಷ ದೀಪಾವಳಿ ಮುಗಿದ ಮರುವಾರದ ಮಾತು. ನನಗಾಗ ಅರವತ್ತೇಳು ತುಂಬಿತ್ತು. ಮದುವೆಯಾಗಿ ಧಾರವಾಡದ ಕಡೆಯಿಂದ ಪುಣೆಗೆ ಬಂದವಳು ನಾನು. ಓದಿದ್ದು ಮೂರನೇ ಇಯತ್ತೆ. ತಪ್ಪು ಬರೆದಿದ್ದರೆ ತಿದ್ದಿಕೊಂಡು ಓದಿರಿ.

ಖರಾಡಿಯಲ್ಲಿ ನಾವಿರುವ ಕಟ್ಟಡದ ಕೆಳಗೆ ಒಂದು ಹಾಲ್ ಇದೆ. ಬೆಳಕು ಚೆನ್ನಾಗಿದೆ ಎಂದು ನಾನು ಅಲ್ಲಿ ಮೂಲೆಯಲ್ಲಿ ಕೂತು ಕೌದಿ ಹೊಲಿಯುತ್ತೇನೆ. ಜನ ಹಳೇ ಸೀರೆ ತಂದುಕೊಡುತ್ತಾರೆ, ಹೊಲಿದು ಕೊಡುತ್ತೇನೆ. ಭಾನುವಾರ ಅದೇ ಹಾಲ್‌ನಲ್ಲಿ ಒಬ್ಬರು ಟೀಚರ್ ಬಾಯಾರು ಗಿಟಾರ್ ಕಲಿಸುತ್ತಾರೆ. ಕೇಳಿ ಕೇಳಿ ನನಗೂ ಬಾರಿಸಬೇಕು ಅನ್ನಿಸಿತು. ಯಾಕೆ ಅಂದರೆ ಹೇಳಲು ಬರುವುದಿಲ್ಲ. ಒಂದು ದಿನ ಹೋಗಿ ಕೇಳಿಯೇಬಿಟ್ಟೆ. ಅವರು ವಯಸ್ಸಿನ ಮಾತು ಎತ್ತಲಿಲ್ಲ. ನಿಮ್ಮದೇ ಒಂದು ಗಿಟಾರ್ ತನ್ನಿ, ಅಗ್ಗದ್ದಾದರೂ ನಡೆಯುತ್ತದೆ, ಆದರೆ ತಂತಿ ಕಟ್ಟಿಗೆಯಿಂದ ಬಹಳ ಮೇಲೆ ಇರಬಾರದು, ಒತ್ತಲು ಆಗುವುದಿಲ್ಲ ಎಂದರು.

ಸೊಸೆ ಸವಿತಾಗೆ ಹೇಳಿದೆ. "ಅತ್ತಿ, ಮೊಣಕಾಲಿಗೆ ಎಣ್ಣಿ ತರೂಣು ಅಂದ್ರ ಬ್ಯಾಡ ಅಂತೀರಿ. ಗಿಟಾರ್ ಬೇಕಂತೀರಿ" ಎಂದಳು. ಬೈದಳು, ಆದರೂ ಜೊತೆಗೆ ಬಂದಳು. ಕೌದಿಯ ದುಡ್ಡು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ.

ಊರೊಳಗಿನ ಪೇಟೆಯಲ್ಲಿ ಅಂಗಡಿ. ಸರಸ್ವತಿಯ ಸಾಮಾನು ಇರುವ ಜಾಗ ಎಂದು ಚಪ್ಪಲಿ ಹೊರಗೆ ಬಿಟ್ಟೆ. ಮಾಲೀಕರು ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಗಿಟಾರ್ ಬೇಕು ಎಂದೆ, ಮೊಮ್ಮಗಳಿಗೆ ಎಷ್ಟು ವಯಸ್ಸು ಎಂದು ಕೇಳಿದರು. ಮೊಮ್ಮಗಳಿಗಲ್ಲ, ನನಗೇ ಎಂದೆ. ಅವರು ಸವಿತಾಳ ಮುಖ ನೋಡಿದರು. ಅವಳು ಗೋಡೆ ನೋಡಿದಳು.

ಆ ಗೋಡೆಗೆ ಸಾಲಾಗಿ ಮೊಳೆ ಹೊಡೆದು ಗಿಟಾರ್ ತೂಗುಹಾಕಿದ್ದರು. ಅವೆಲ್ಲ ಕೊಂಡವರು ತಿರುಗಿ ತಂದುಕೊಟ್ಟವಂತೆ. ನಮ್ಮ ಮಾತೆಲ್ಲ ಮರಾಠಿಯಲ್ಲಿ ಆಯಿತು, ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. "ಮೂರು ವಾರ ಆಜಿ. ಆಮ್ಯಾಲೆ ಬೆರಳು ಉರೀತಾವ, ಬಿಟ್ಟುಬಿಡ್ತಾರ. ನಿಮಗ್ಯಾಕ ಸುಳ್ಳ ಹೇಳಲಿ?" ಎಂದರು. ನೀವು ತಂದರೂ ಅರ್ಧ ಬೆಲೆಗೆ ವಾಪಸು ತೆಗೆದುಕೊಳ್ಳುತ್ತೇನೆ ಎಂದೂ ಸೇರಿಸಿದರು. ಒಳ್ಳೇ ಮನಸ್ಸಿನಿಂದಲೇ ಅಂದರು. ನನಗೆ ಚುಚ್ಚಿತು. ಆ ಗೋಡೆಗೆ ನನ್ನದೂ ಒಂದು ಸೇರಬಾರದು ಎಂದು ಅಲ್ಲೇ ಗಟ್ಟಿಮಾಡಿಕೊಂಡೆ.

ಮೊದಲು ಒಂದು ನೀಲಿ ಗಿಟಾರ್ ತೋರಿಸಿದರು. ಕನ್ನಡಿಯಂತೆ ಹೊಳೆಯುತ್ತಿತ್ತು. ಚೀಲವೂ ಸಿಗುತ್ತದೆ, ಇದನ್ನೇ ತಗೊಳ್ಳಿ ಎಂದು ಸವಿತಾ ಅವಸರ ಮಾಡಿದಳು. ತಂತಿ ಒತ್ತಿ ನೋಡಿದೆ. ಅದರ ಕೆಳಗೆ ನನ್ನ ದಪ್ಪ ಸೂಜಿ ಎರಡು ಒಂದರ ಮೇಲೊಂದು ಹಿಡಿಸುವಷ್ಟು ಎತ್ತರ. ಗಡಿಗೆ ಕೊಳ್ಳುವಾಗ ಬಡಿದು ನೋಡುವಂತೆ ಬೆನ್ನಿಗೆ ಗೆಣ್ಣಿನಿಂದ ಬಡಿದೆ. ರಟ್ಟಿನ ಡಬ್ಬಿಯ ಸದ್ದು. ಬೇಡವೆಂದೆ.

"ನನಗ ಬಾರಸಾಕ ಬರೂದಿಲ್ಲ. ನೀವ ಒಂದೊಂದ ಬಾರಸ್ರಿ, ನಾ ಬೆನ್ನ ಹಾಕಿ ಕೂಡ್ತೀನಿ. ಕಣ್ಣಿಗೆ ಛಂದ ಇದ್ದದ್ದು ನನಗ ಬ್ಯಾಡ" ಎಂದೆ. ಸ್ಟೂಲ್ ಕೊಟ್ಟರು. ನೆಲವೇ ಸರಿ ಎಂದು ಬಾಗಿಲ ಕಡೆ ಮುಖ ಮಾಡಿ ಚಕ್ಕಳಮಕ್ಕಳ ಹಾಕಿ ಕೂತೆ. ರಸ್ತೆಯ ಜನ ನಿಂತು ನೋಡಿದರು. ಸವಿತಾ ನನ್ನ ಗುರುತೇ ಇಲ್ಲದವಳಂತೆ ದೂರ ಸರಿದಳು.

ಅವರು ಐದು ಗಿಟಾರ್ ಮೇಲೆ ಒಂದೇ ಧಾಟಿ ಬಾರಿಸಿದರು. ನಾಲ್ಕನೆಯದು ಹೊಟ್ಟೆಯೊಳಗಿಂದ ಮಾತಾಡಿದಂತಿತ್ತು. ಅದೇ ಬೇಕು ಎಂದು ತಿರುಗಿ ನೋಡಿದರೆ, ಗೋಡೆಯಿಂದ ಇಳಿಸಿದ ಹಳೇದು. ಹೊಸದಕ್ಕಿಂತ ಅಗ್ಗ. ತಂತಿಯೂ ಕೆಳಗೆ ಇತ್ತು, ಸಲೀಸಾಗಿ ಒತ್ತಿತು.

"ಗೀರು ಬಿದ್ದಾವ ಅತ್ತಿ" ಎಂದಳು ಸವಿತಾ.

"ನನ್ನ ಮಾರಿ ನೋಡು" ಎಂದು ಕೆನ್ನೆಯ ಸುಕ್ಕು ತೋರಿಸಿದೆ.

ನಾನು ತಂತಿ ಒತ್ತುವುದನ್ನು ಮಾಲೀಕರು ನೋಡುತ್ತಲೇ ಇದ್ದರು. ಎಡಗೈ ತೋರಿಸಿ ಎಂದರು. ಕೌದಿ ಹೊಲಿಯುವಾಗ ಬಲಗೈ ಮೇಲಿಂದ ಸೂಜಿ ಚುಚ್ಚುತ್ತದೆ, ಎಡಗೈ ಬೆರಳು ಅರಿವೆಯ ಅಡಿಯಲ್ಲಿ ಆ ಮೊನೆ ತಡೆದು ಮೇಲಕ್ಕೆ ದೂಡುತ್ತದೆ. ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ನನ್ನ ಬೆರಳತುದಿ ಚಪ್ಪಲಿ ತೊಗಲಿನಂತಾಗಿದೆ. ಗಿಟಾರ್ ತಂತಿ ಒತ್ತುವುದೂ ಎಡಗೈಯೇ. ಅವರು ತಮ್ಮ ಬೆರಳು ನನ್ನ ಬೆರಳ ಪಕ್ಕ ಇಟ್ಟು ನೋಡಿದರು. "ನನಗ ಇಷ್ಟ ಗಟ್ಟಿ ಆಗಾಕ ಎರಡು ವರ್ಷ ಹಿಡೀತು ಆಜಿ" ಎಂದರು. ಮೂರು ವಾರದ ಮಾತು ಮತ್ತೆ ಎತ್ತಲಿಲ್ಲ.

ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟು ಗಿಟಾರ್ ಮನೆಗೆ ತಂದೆ. ಬೆರಳು ಉರಿಯುತ್ತದೆ ಎಂದಿದ್ದರು, ಉರಿಯಲಿಲ್ಲ. ಮಣಿಕಟ್ಟು ನೋಯುತ್ತದೆ. ಅದನ್ನು ಯಾರೂ ಹೇಳಿರಲಿಲ್ಲ. ನಾಲ್ಕು ತಿಂಗಳಲ್ಲಿ ಮೂರು ಹಿಡಿತ ಕಲಿತೆ, ಬಾಯಾರು ಅದಕ್ಕೆ ಕಾರ್ಡ್ ಅನ್ನುತ್ತಾರೆ. ಒಂದರಿಂದ ಇನ್ನೊಂದಕ್ಕೆ ಹೋಗಲು ತಡವಾಗುತ್ತದೆ. ಅತ್ತಿ, ಕುಕ್ಕರ್ ಮೂರು ಸೀಟಿ ಹೊಡೀತು, ನಿಮ್ಮ ಬೆರಳು ಇನ್ನೂ ದಾರ್‍ಯಾಗ ಅದಾವ ಎಂದು ಸವಿತಾ ಅಡುಗೆಮನೆಯಿಂದ ಕೂಗುತ್ತಾಳೆ.

ಹೋದ ತಿಂಗಳು ಸಣ್ಣ ತಂತಿ ಹರಿಯಿತು. ಉಳಿದ ಅರಿವೆಯಲ್ಲಿ ಒಂದು ಕೌದಿ ಚೀಲ ಹೊಲಿದಿದ್ದೆ, ಅದರಲ್ಲಿ ಗಿಟಾರ್ ಹಾಕಿಕೊಂಡು ಅದೇ ಅಂಗಡಿಗೆ ಹೋದೆ. ನನ್ನನ್ನು ಕಂಡದ್ದೇ ಮಾಲೀಕರ ಮುಖ ಸಣ್ಣದಾಯಿತು. ಏನೂ ಕೇಳದೆ, ಹತ್ತಿ ನಿಲ್ಲಲು ಸ್ಟೂಲ್ ಗೋಡೆಗೆ ಸರಿಸಿದರು. ನನ್ನ ಗಿಟಾರ್ ಇಳಿಸಿದ್ದ ಮೊಳೆ ಹಾಗೇ ಖಾಲಿ ಇತ್ತು.

"ತಂತಿ ಹರದದರಿ, ಹಾಕಿ ಕೊಡ್ರಿ. ಆ ಮೊಳಿಗೆ ಬ್ಯಾರೆ ಏನರ ತೂಗಹಾಕ್ರಿ" ಎಂದೆ.

ಅವರು ಸ್ಟೂಲ್ ಮೇಲೆ ಹಾಗೇ ಕೂತುಬಿಟ್ಟು ನಕ್ಕರು. ಮನೆಗೆ ಬರುವ ಬಸ್ಸಿನಲ್ಲಿ ನಾನೊಬ್ಬಳೇ ನಕ್ಕೆ. ಈಗಲೂ ಮೂರನೇ ಹಿಡಿತ ತಪ್ಪಿದಾಗೆಲ್ಲ ಆ ಖಾಲಿ ಮೊಳೆ ಕಣ್ಣಮುಂದೆ ಬರುತ್ತದೆ. ಮಣಿಕಟ್ಟು ತಿಕ್ಕಿಕೊಂಡು ಮತ್ತೆ ಮೊದಲಿನಿಂದ ಹಿಡಿಯುತ್ತೇನೆ.