ಸಂಪಾದಕರ ಹೆಸರಿನ ಜಾಗ

ಮೈದಾ ಹಿಟ್ಟನ್ನು ನೀರಿನಲ್ಲಿ ಕುದಿಸಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತು ಹಾಕಿದಾಗ ಏಳುವ ವಾಸನೆಯನ್ನು ಯಾರೂ ಪರಿಮಳ ಎನ್ನಲಾರರು. ಕಳೆದ ವಾರ ಬಂಟ್ವಾಳ ಪೇಟೆಯ ತನ್ನ ಮನೆಯಲ್ಲಿ ರಮ್ಲತ್ ಆ ಅಂಟು ಕಾಯಿಸುತ್ತಿದ್ದಳು. ನಾವಿಬ್ಬರೂ ಸೇರಿ ಒಂದು ತ್ರೈಮಾಸಿಕ ಪತ್ರಿಕೆ ಹೊರಡಿಸುತ್ತಿದ್ದೇವೆ. ಮೊದಲ ಸಂಚಿಕೆಯ ಲಕೋಟೆಗಳಿಗೆ ವಿಳಾಸದ ಚೀಟಿ ಅಂಟಿಸುವುದಿತ್ತು. "ಸ್ಟಿಕ್ಕರು ಸಿಗ್ತದಲ್ಲ ಮಾರಾಯ್ತಿ" ಎಂದೆ. "ಸಿಗ್ತದೆ, ಗೊತ್ತುಂಟು. ಬಾಪ ಹೀಗೇ ಮಾಡ್ತಿದ್ದದ್ದಲ್ವಾ" ಎಂದು ಅವಳು ಸೌಟು ತಿರುವುತ್ತಲೇ ಇದ್ದಳು. ಅವಳ ಬಾಪ, ಅಂದರೆ ತಂದೆ ಹಸನಬ್ಬ, ತೀರಿಕೊಂಡು ವರ್ಷಗಳಾದವು. ನನ್ನ ಸೋದರಮಾವ ಶಂಕರ ಮಾಸ್ಟ್ರೂ ಇಲ್ಲ. ನಮ್ಮ ಪತ್ರಿಕೆಗೆ ಇಟ್ಟಿರುವ 'ಸಂಕ' ಎಂಬ ಹೆಸರು ಅವರಿಬ್ಬರದು.

ಆ ವಾಸನೆ ನನ್ನನ್ನು ಮಾಣಿ ಎಂಬ ಊರಿನ ನಮ್ಮ ಹಳೆಯ ಮನೆಗೆ ಕರೆದೊಯ್ದಿತು. ಹೆದ್ದಾರಿ ಅಗಲವಾದಾಗ ಆ ಮನೆ ಹೋಯಿತು. ಚಾವಡಿ ಇದ್ದಲ್ಲಿ ಈಗ ಲಾರಿಗಳು ಓಡುತ್ತವೆ. ನಾನು ಬೆಳೆದದ್ದು ಅಲ್ಲಿ, ಅಜ್ಜಿ ಮತ್ತು ಮಾವನ ಜೊತೆ. ಹಸನಬ್ಬರಿಗೆ ಬಂಟ್ವಾಳದಲ್ಲಿ ಜವಳಿ ಅಂಗಡಿ ಇತ್ತು. ಶುಕ್ರವಾರ ನಮಾಜು ಮುಗಿಸಿ, ರಮ್ಲತಳನ್ನು ಕರೆದುಕೊಂಡು ಬಸ್ಸು ಹತ್ತಿ ಬರುತ್ತಿದ್ದರು. ಅವರ ಚೀಲದಲ್ಲಿ ಹೊಸ ಬಟ್ಟೆಯ ಗಂಜಿಯ ವಾಸನೆ, ಮಾವನ ಜೇಬಿನಲ್ಲಿ ಸೀಮೆಸುಣ್ಣದ ಪುಡಿ. ಇಬ್ಬರಿಗೂ ಇದ್ದ ಹುಚ್ಚು ಒಂದೇ: ಒಂದು ಮಾಸಪತ್ರಿಕೆ ಮಾಡಬೇಕು. ಕನ್ನಡ ಪತ್ರಿಕೆಯ ಬಗ್ಗೆ ತುಳುವಿನಲ್ಲಿ ಮಾತಾಡಿ ಮಾತಾಡಿ ಇಡೀ ಮಳೆಗಾಲ ಕಳೆಯಿತು. ತೋಡು ದಾಟಲು ಹಾಕುವ ಮರದ ಸಂಕದ ಹೆಸರಿಗೆ ಇಬ್ಬರೂ ಒಪ್ಪಿದರು. ಸಂಪಾದಕ ಯಾರೆಂಬುದಕ್ಕೆ ಮಾತ್ರ ಒಪ್ಪಲಿಲ್ಲ. "ನೀವೇ ಆಗ್ಬೇಕು ಮಾಸ್ಟ್ರೇ, ನಾನು ಬಟ್ಟೆ ಅಳೆಯುವವ" ಎಂದು ಹಸನಬ್ಬ. "ನನ್ನ ಹೆಸರು ಶಾಲೆಯ ಮಕ್ಕಳಿಗೆ ಬಿಟ್ಟರೆ ಯಾರಿಗೆ ಗೊತ್ತುಂಟು? ನಿಮ್ಮದೇ ಇರಲಿ" ಎಂದು ಮಾವ. ಕೊನೆಗೆ ಅಜ್ಜಿಗೆ ಸಾಕಾಗಿ, ಇಬ್ಬರ ಹೆಸರೂ ಹಾಕಿ ಎಂದರು. ಇಬ್ಬರೂ ಸಭ್ಯರಾಗಿ ತಲೆಯಾಡಿಸಿದರು.

ಅಚ್ಚಾಗುತ್ತಿದ್ದದ್ದು ಮೂಡುಬಿದಿರೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ. ಅಚ್ಚಿನ ಮೊಳೆ ಜೋಡಿಸಿ ಎರಡು ಪ್ರೂಫು ತೆಗೆದು, ಒಂದನ್ನು ಬಂಟ್ವಾಳಕ್ಕೂ ಒಂದನ್ನು ಮಾಣಿಗೂ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸಿದರು. ಮಾವ ಕೆಂಪು ಶಾಯಿಯಲ್ಲಿ ತಪ್ಪು ತಿದ್ದುವಾಗ ನಾನು ಪಕ್ಕದಲ್ಲಿ ಕೂತಿದ್ದೆ. ಕೊನೆಯ ಪುಟಕ್ಕೆ ಬಂದವರು ಒಮ್ಮೆ ಅಜ್ಜಿ ಇದ್ದ ಕಡೆ ನೋಡಿ, ತಮ್ಮ ಹೆಸರಿನ ಮೇಲೆ ಮೆಲ್ಲಗೆ ಗೆರೆ ಎಳೆದರು. ಯಾರಿಗೂ ಹೇಳಬೇಡ ಎಂಬಂತೆ ನನ್ನನ್ನು ನೋಡಿದರು. ಏಳೆಂಟು ಮೈಲಿ ಆಚೆ ಹಸನಬ್ಬ ತಮ್ಮ ಪ್ರೂಫಿನಲ್ಲಿ ಅದನ್ನೇ ಮಾಡುತ್ತಿದ್ದಾರೆಂದು ನಮಗೆ ಹೇಗೆ ಗೊತ್ತಾಗಬೇಕು! ಪ್ರೆಸ್ಸಿನವರು ಹೇಳಿದಷ್ಟನ್ನು ಚಾಚೂ ತಪ್ಪದೆ ಮಾಡುವವರು. ಎರಡೂ ಪ್ರೂಫುಗಳನ್ನು ಎದುರಿಗಿಟ್ಟುಕೊಂಡು ಎರಡೂ ಹೆಸರುಗಳನ್ನು ಕಿತ್ತರು.

ಭಾನುವಾರ ಬೆಳಿಗ್ಗೆ ಬಿಡುಗಡೆ. ನೆರೆಕರೆಯವರು ನಾಲ್ಕೈದು ಮಂದಿ, ಬೆಲ್ಲ ನೀರು, ಒಂದು ತಟ್ಟೆ ಅವಲಕ್ಕಿ. ಕಟ್ಟು ಬಿಚ್ಚಿ ಮೊದಲ ಪ್ರತಿಯನ್ನು ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿಯ ಓದು ವಿಚಿತ್ರ: ಏನು ಸಿಕ್ಕಿದರೂ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದಲೇಬೇಕು. ಅವಲಕ್ಕಿ ಮುಗಿದರೂ ಅವರ ಓದು ಮುಗಿಯಲಿಲ್ಲ. ಕೊನೆಯ ಪುಟದಲ್ಲಿ "ಸಂಪಾದಕರು" ಎಂದು ಓದಿ ನಿಂತರು. "ಇಲ್ಲಿ ಯಾರೂ ಇಲ್ಲವಲ್ಲ?" ಎಂದರು. ಗೆಳೆಯರಿಬ್ಬರೂ ಮುಖ ಮುಖ ನೋಡಿಕೊಂಡರು. ಮಾವನ ಕಿವಿ ಕೆಂಪಾಯಿತು. ಹಸನಬ್ಬ ನಗಲು ಹೊರಟವರು ಅಜ್ಜಿಯನ್ನು ಕಂಡು ನಿಲ್ಲಿಸಿದರು. ಮರುದಿನ ಬೆಳ್ತಂಗಡಿ, ನೆರಿಯದ ಕಡೆಗೆಲ್ಲ ಪ್ರತಿಗಳನ್ನು ಅಂಚೆಗೆ ಹಾಕಬೇಕಿತ್ತು. "ಕೂತುಕೊಳ್ಳಿ ಇಬ್ಬರೂ" ಎಂದರು ಅಜ್ಜಿ. "ಅವರ ಹೆಸರು ನೀನು ಬರೆ ಶಂಕರ. ನಿನ್ನದನ್ನು ಅವರು ಬರೆಯಲಿ. ಎಲ್ಲದರಲ್ಲಿಯೂ." ಅವರು ಬರೆದರು, ನಾನೂ ರಮ್ಲತೂ ಶಾಯಿ ಒಣಗಲು ಊದುತ್ತಿದ್ದೆವು. ಅಷ್ಟು ಸುಖದ ಭಾನುವಾರ ನನಗೆ ಮತ್ತೆ ಸಿಗಲಿಲ್ಲ.

'ಸಂಕ' ಏಳು ಸಂಚಿಕೆ ಬಂತು. ಆಮೇಲೆ ಹಸನಬ್ಬ ಅಂಗಡಿಯನ್ನು ತಮ್ಮನಿಗೆ ಬಿಟ್ಟು ದುಡಿಯಲು ಸೌದಿಯ ದಮ್ಮಾಮಿಗೆ ಹೋದರು. "ನನ್ನ ಹೆಸರು ತೆಗೆದು ಪತ್ರಿಕೆ ನಡೆಸಿ ಮಾಸ್ಟ್ರೇ" ಎಂದು ಅಲ್ಲಿಂದ ಬರೆದರು. "ಒಬ್ಬನ ಹೆಸರಿನಲ್ಲಿ ಬೇಡ, ನೀವು ಬಂದ ಮೇಲೆ ಮಾಡುವ" ಎಂದು ಮಾವ ಬರೆದರು. ಹಸನಬ್ಬ ಊರಿಗೆ ಮರಳುವಷ್ಟರಲ್ಲಿ ಮಾವ ಇರಲಿಲ್ಲ. ಚಿಕ್ಕವಳಿದ್ದಾಗ ಈ ಸ್ನೇಹವನ್ನು ದೊಡ್ಡದಾಗಿ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಯೋಚಿಸಿದರೆ ಸ್ವಲ್ಪ ಸಿಟ್ಟೂ ಬರುತ್ತದೆ. ಒಬ್ಬರಾದರೂ ನಾಚಿಕೆ ಬಿಟ್ಟು ತಮ್ಮ ಹೆಸರು ಹಾಕಿಕೊಂಡಿದ್ದರೆ ಪತ್ರಿಕೆ ಉಳಿಯುತ್ತಿತ್ತು.

ಮೊದಲ ಸಂಚಿಕೆಯ ಒಂದೇ ಪ್ರತಿ ನನ್ನ ಬಳಿ ಉಳಿದಿದೆ, ಅದು ಅಜ್ಜಿಯದು. ಅಂದು ಅದರಲ್ಲಿ ಬರೆಯಲು ಹೋದವರನ್ನು ಅವರು ತಡೆದಿದ್ದರು. "ನನ್ನದರಲ್ಲಿ ಬೇಡ. ನನಗೆ ಗೊತ್ತುಂಟಲ್ಲ." ಹಾಗಾಗಿ ಅಲ್ಲಿ 'ಸಂಪಾದಕರು' ಎಂಬುದರ ಮುಂದೆ ಈಗಲೂ ಖಾಲಿ.

ನಿನ್ನೆ ಮೂಡುಬಿದಿರೆಯಿಂದ ನಮ್ಮ ಸಂಚಿಕೆಯ ಪ್ರೂಫು ಬಂತು. ಒಂದೇ ಪ್ರತಿ ಸಾಕೆಂದು ಹೇಳಿದ್ದೆವು. ರಮ್ಲತ್ ಕೊನೆಯ ಪುಟ ತೆರೆದು ಪೆನ್ನಿನ ಮೊನೆಯನ್ನು ತನ್ನ ಹೆಸರಿನ ಹತ್ತಿರ ತಂದಳು. ನಾನು ಪೆನ್ನನ್ನು ಅವಳ ಕೈಯಿಂದ ತೆಗೆದಿಟ್ಟೆ. ಆಮೇಲೆ ಪ್ರೂಫನ್ನು ಹಿಡಿದು ಮೊದಲ ಅಕ್ಷರದಿಂದ ಗಟ್ಟಿಯಾಗಿ ಓದಿದೆ. 'ಸಂಪಾದಕರು' ಎಂಬಲ್ಲಿಗೆ ಬಂದಾಗಲೂ ನಿಲ್ಲಿಸದೆ, ಅವಳ ಹೆಸರನ್ನೂ ನನ್ನ ಹೆಸರನ್ನೂ ಓದಿ ಮುಗಿಸಿದೆ.