ಅತ್ತೆಯ ಬಾಯಿಗೆ ಹೊರಿಸಿದ್ದು

ಸಾಲ ನಾಮಂಜೂರಾದ ಸುದ್ದಿ ಬಂದದ್ದು ಎಂಟನೆಯ ತರಗತಿಯ ಮಕ್ಕಳಿಗೆ ಸಮಾಸ ಬರೆಸುತ್ತಿದ್ದಾಗ. ಮೇಜಿನ ಮೇಲಿದ್ದ ಫೋನು ಗುರ್ ಅಂದಿತು. ಈ ಸಲ ನಿಮ್ಮ ಅರ್ಜಿಯನ್ನು ಪರಿಗಣಿಸಲು ಆಗುತ್ತಿಲ್ಲ ಎಂದು ಅಚ್ಚ ಕನ್ನಡದಲ್ಲೇ ಇತ್ತು. ಕನ್ನಡ ಕಲಿಸುವ ನಾನೇ ಆ ಒಂದು ವಾಕ್ಯವನ್ನು ಮೂರು ಸಲ ಓದಿದೆ. ಕಾರಣ ಮಾತ್ರ ಎಲ್ಲೂ ಇರಲಿಲ್ಲ.

ನಾನು ಯಲಬುರ್ಗಾದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿ. ಹತ್ತು ತಿಂಗಳು ಕರೆಯುತ್ತಾರೆ, ಬೇಸಿಗೆ ಬಂತೆಂದರೆ ಮರೆಯುತ್ತಾರೆ. ಮನೆ ಕುಕನೂರಿನಲ್ಲಿ. ನಮ್ಮ ಮನೆಯವರು ಅಲ್ಲಿನ ಒಂದು ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದರು. ಒಂದು ದಿನ ಜೋಳದ ಚೀಲ ಎತ್ತಲು ಹೋಗಿ ಅಲ್ಲೇ ಕುಸಿದು ಕೂತರು. ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ, ಹೃದಯದ ಒಂದು ಕವಾಟ ಕೆಟ್ಟಿದೆ, ಬದಲಿಸಬೇಕು ಎಂದರು. ರೇಷನ್ ಕಾರ್ಡಿನ ಮೇಲೆ ಪುಕ್ಕಟೆ ಆಗುವ ಸರಕಾರಿ ಆಸ್ಪತ್ರೆಯಲ್ಲಿ ದೊಡ್ಡ ಪಾಳಿ ಇತ್ತು, ನಾಲ್ಕೈದು ತಿಂಗಳಾದರೂ ಕಾಯಬೇಕು. ದುಡ್ಡು ಕಟ್ಟಿದರೆ ಹುಬ್ಬಳ್ಳಿಯಲ್ಲೇ ಹದಿನೈದು ದಿನದಲ್ಲಿ ಆಗುತ್ತಿತ್ತು. "ನಾನಾಗಿದ್ರ ಕಾಯ್ತಿದ್ದಿಲ್ಲ ನೋಡ್ರಿ" ಎಂದಿದ್ದರು ಡಾಕ್ಟರು.

ನನ್ನ ಮೈಮೇಲಿನ ಬಂಗಾರ ಅಷ್ಟರಲ್ಲಾಗಲೇ ಪರೀಕ್ಷೆ, ಮಾತ್ರೆ, ಓಡಾಟಕ್ಕೆ ಹೋಗಿತ್ತು. ಕೊಪ್ಪಳದ ಒಂದು ಫೈನಾನ್ಸ್ ಕಂಪನಿಗೆ ಪರ್ಸನಲ್ ಲೋನಿಗೆ ಅರ್ಜಿ ಹಾಕಿದೆ. ಅರ್ಜಿ ತುಂಬಿಕೊಟ್ಟ ಏಜೆಂಟ್ ತನಗೆ ತಿಳಿದದ್ದನ್ನು ಹೇಳಿದ. "ಬ್ಯಾನಿ ಅಂತ ಬರೀಬ್ಯಾಡ್ರಿ ಮೇಡಂ. ಬ್ಯಾನಿ ಇದ್ದ ಮನಿಗೆ ಯಾರೂ ರೊಕ್ಕ ಕೊಡಂಗಿಲ್ಲ. ಮನಿ ರಿಪೇರಿ ಅಂತ ಬರೀರಿ." ಬರೆದೆ. ಸುಳ್ಳೆಂದು ಗೊತ್ತಿದ್ದೇ ಕೆಳಗೆ ಸಹಿ ಹಾಕಿದೆ.

ಆಮೇಲೆ ಕಂಪನಿಯಿಂದ ಒಬ್ಬರು ಮನೆ ನೋಡಲು ಬಂದರು. ನಾನು ಶಾಲೆಯಲ್ಲಿದ್ದೆ, ನಮ್ಮವರು ಮಾತ್ರೆ ನುಂಗಿ ಮಲಗಿದ್ದರು. ಎಚ್ಚರವಿದ್ದವರು ಅತ್ತೆ ಒಬ್ಬರೇ. ಅತ್ತೆಗೆ ಹೊಸ್ತಿಲು ದಾಟಿ ಬಂದವರೆಲ್ಲ ಬೀಗರೇ. ಕರೆಂಟ್ ಬಿಲ್ಲಿನವನಿಗೂ ಚಹಾ ಆಗಬೇಕು, ಅವನ ಮಕ್ಕಳು ಮರಿ ಎಷ್ಟು ಎಂದು ಕೇಳಿಯೂ ಆಗಬೇಕು. ಆ ಸಂಜೆ "ಯಾರೋ ಛಲೋ ಮನಷ್ಯಾ ಬಂದಿದ್ದ" ಎಂದಷ್ಟೇ ಹೇಳಿದರು. ನಾನೂ ಕೆದಕಲಿಲ್ಲ.

ನಾಮಂಜೂರಾದ ದಿನ ಬಸ್ಸಿಳಿದು ಮನೆಗೆ ಬಂದವಳೇ ಕೇಳಿದೆ. "ಅತ್ತೀ, ಅವತ್ತು ಬಂದವ್ರ ಮುಂದ ಏನೇನ್ ಹೇಳೀರಿ?"

ತೊಗರಿಬೇಳೆ ಹಸನು ಮಾಡುತ್ತಿದ್ದ ಅತ್ತೆ ಮೊರ ನಿಲ್ಲಿಸಿ ಹಿಗ್ಗಿನಿಂದಲೇ ಹೇಳಿದರು. "ಎಲ್ಲೆಲ್ಲಿ ರಿಪೇರಿ ಐತಿ ತೋರಸಬೇ ಅಂದ. ರಿಪೇರಿ ಯಾಕೋ ಯಪ್ಪಾ, ನಾನ ಕಲ್ಲು ಮಣ್ಣು ಹೊತ್ತು ಕಟ್ಟಿದ ಮನಿ ಇದು, ಒಂದು ಹನಿ ಸೋರಂಗಿಲ್ಲ ಅಂದೆ. ಮಾಳಿಗಿ ಹತ್ತಿಸಿ ತೋರಿಸಿದೆ. ರೊಕ್ಕ ನನ್ನ ಮಗನ ಎದಿಗೆ ಬೇಕಾಗೈತಿ, ಲಗೂನ ಕೊಡಸಪಾ ಅಂತ ಕೈ ಮುಗದೆ. ಪಾಪ, ಅವನ ಕಣ್ಣಾಗೂ ನೀರು ಬಂದ್ವು. ಎರಡು ರೊಟ್ಟಿ, ಪುಂಡಿಪಲ್ಯೆ ಉಂಡು ಹೋದ."

ನನ್ನ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಕೈಚೀಲ ಒಗೆದೆ. "ಸಾಲ ಇಲ್ಲ ಅಂದಾರ. ನಿಮ್ಮ ಬಾಯಿಂದನ ಇಲ್ಲ ಅಂದಾರ. ನಿಮ್ಮ ಮಗನ್ನ ನಿಮ್ಮ ಬಾಯೇ ನುಂಗತೈತಿ ನೋಡ್ರಿ."

ಒಳಗಿನಿಂದ ನಮ್ಮವರು "ಏ, ಏನು ಮಾತಾಡ್ತೀ?" ಅಂದರು. ಅಷ್ಟು ಹೇಳುವುದಕ್ಕೇ ಅವರಿಗೆ ಎರಡು ಸಲ ಉಸಿರು ಬೇಕಾಯಿತು. ನನ್ನ ಇಬ್ಬರು ಹೆಣ್ಣುಮಕ್ಕಳು ಪುಸ್ತಕ ಮುಚ್ಚಿ ನನ್ನನ್ನೇ ನೋಡುತ್ತಿದ್ದರು. ಅತ್ತೆ ಮೊರವನ್ನು ಮತ್ತೆ ಕೈಗೆತ್ತಿಕೊಂಡರು. ನಾನು ಸೊಸೆಯಾಗಿ ಬಂದ ಮೇಲೆ ಅವರು ಉತ್ತರ ಕೊಡದೆ ಬಿಟ್ಟ ಮೊದಲ ಮಾತು ಅದು.

ಮರುದಿನ ಬೆಳಿಗ್ಗೆ ಅವರು ಟ್ರಂಕಿನಿಂದ ಮನೆಯ ಕಾಗದ ತೆಗೆದು ಮಗನ ಹಾಸಿಗೆಯ ಮೇಲೆ ಇಟ್ಟರು. ಮನೆ ಅವರ ಹೆಸರಿನಲ್ಲೇ ಇತ್ತು. "ಇದನ್ನ ಮಾರ್ರಿ. ಬಾಜೂ ಮನಿಯಾರು ಎಂದಿನಿಂದ ಕೇಳಾಕತ್ತಾರ. ನಾ ಕೆಡಿಸೀನಿ, ನಾನ ಸರಿ ಮಾಡ್ತೀನಿ."

"ಬ್ಯಾಡಬೇ ಯವ್ವಾ" ಎಂದರು ನಮ್ಮವರು. ಹಾಗೆಂದು ನನ್ನ ಕಡೆ ನೋಡಿದರು. ಹದಿನೇಳು ವರ್ಷ ಬಾಳ್ವೆ ಮಾಡಿದವಳಿಗೆ ಆ ನೋಟ ತಿಳಿಯದೆ ಇರುತ್ತದೆಯೇ? ತಾವು ಬೇಡ ಅನ್ನಬೇಕು, ನಾನು ಬೇಕೇ ಬೇಕು ಎಂದು ಹಟ ಹಿಡಿಯಬೇಕು, ಅವರು ಒಲ್ಲದ ಮನಸ್ಸಿನಿಂದ ಒಪ್ಪಬೇಕು. ನಮ್ಮಲ್ಲಿ ಗಂಡಸರು ತಮಗಾಗಿ ಏನನ್ನಾದರೂ ಕೇಳುವ ರೀತಿಯೇ ಅದು. ನಲವತ್ತನಾಲ್ಕರ ವಯಸ್ಸಿನಲ್ಲಿ ಸಾಯಲು ಯಾರಿಗೆ ಮನಸ್ಸಿರುತ್ತದೆ?

ನಾನು ಹಟ ಹಿಡಿಯಲಿಲ್ಲ. ಅವರು ಎದುರಿಗೆ ಕೂತಿರುವಾಗಲೇ ಅವರಿಲ್ಲದ ದಿನಗಳನ್ನು ಯೋಚಿಸುತ್ತಿದ್ದೆ. ಮನೆ ಮಾರಿ ಆಪರೇಷನ್ ಮಾಡಿಸಿ, ಅದೂ ಕೈಕೊಟ್ಟರೆ? ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮುದುಕಿ, ಬಾಡಿಗೆ ಮನೆ, ಬೇಸಿಗೆಯಲ್ಲಿ ನಿಂತುಹೋಗುವ ನನ್ನ ದುಡಿಮೆ. ಮನೆ ಇಟ್ಟುಕೊಂಡು ಕಾದರೆ ಪಾಳಿ ಬಂದರೂ ಬಂದೀತು. "ಪಾಳಿ ಬರ್ತೈತ್ರಿ ಅತ್ತೀ, ಮನಿ ಮಾರೂದು ಬ್ಯಾಡ" ಎಂದೆ. ಹಿಂದಿನ ದಿನ ನಾನು ಆಡಿದ್ದನ್ನೆಲ್ಲ ಮರೆತವರಂತೆ ಅತ್ತೆ ನನ್ನ ತಲೆ ನೇವರಿಸಿದರು. ನಮ್ಮವರು ಗೋಡೆಯ ಕಡೆ ತಿರುಗಿ ಮಲಗಿದರು.

ಆದರೂ ಮನಸ್ಸು ತಡೆಯಲಿಲ್ಲ. ಶನಿವಾರ ಶಾಲೆ ಬಿಟ್ಟೊಡನೆ ಕೊಪ್ಪಳದ ಬಸ್ಸು ಹತ್ತಿದೆ. ಇನ್ನೊಮ್ಮೆ ಅರ್ಜಿ ಹಾಕಬಹುದೇ ಎಂದು ಕಂಪನಿಯ ಕೌಂಟರಿನಲ್ಲಿ ಕೇಳಿದೆ. ಅಲ್ಲಿದ್ದ ಹೆಣ್ಣುಮಗಳು ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸಿದಳು. "ನಿಮ್ದು ಗೌರವಧನ ಐತ್ರಿ ಮೇಡಂ, ಪಗಾರ ಅಲ್ಲ. ಎರಡು ತಿಂಗಳು ಖಾತೇಕ ಏನೂ ಬಂದಿಲ್ಲ. ಅದಕ್ಕ ಮ್ಯಾಲಿನವ್ರು ಬ್ಯಾಡ ಅಂದಾರ. ಇನ್ನೊಮ್ಮೆ ಹಾಕಿದ್ರೂ ಅಷ್ಟರಿ."

"ಮನಿ ನೋಡಾಕ ಬಂದವ್ರು ಏನು ಬರದಾರ್ರಿ?"

ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಸ್ವಂತ ಮನೆ, ಮಾಳಿಗೆಯ ದುರಸ್ತಿ ಆಗಬೇಕಿದೆ, ಸಾಲ ಕೊಡಬಹುದು. ಇಷ್ಟೇ ಇತ್ತು. ಬೇನೆಯ ಮಾತೇ ಇರಲಿಲ್ಲ. ಅತ್ತೆಯ ಕೈಯ ರೊಟ್ಟಿ ಉಂಡು ಹೋದ ಆ ಪುಣ್ಯಾತ್ಮ, ಅವರ ಮಗನಿಗಾಗಿ, ನನ್ನ ಸುಳ್ಳನ್ನೇ ತಾನೂ ಬರೆದಿದ್ದ.

ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡಿದೆ. ಅತ್ತೀ, ತಪ್ಪು ನಿಮ್ಮದಲ್ಲ, ನಾ ತಪ್ಪು ತಿಳಿದಿದ್ದೆ. ಮನೆಗೆ ಬಂದಾಗ ಪಕ್ಕದ ಓಣಿಯ ಒಬ್ಬ ಹೆಣ್ಣುಮಗಳು ಮೊಸರು ಕೇಳಲು ಬಂದು ನಿಂತಿದ್ದಳು. ಅತ್ತೆ ಅವಳಿಗೆ ಇಲ್ಲ ಎಂದು ಕೈಯಾಡಿಸಿದರು, ಕೂತ್ಕೋ ಅನ್ನಲಿಲ್ಲ. ಮಾತು ಹೆಚ್ಚಾದೀತೆಂದು ಹೆದರಿ ಕೂತ ಅತ್ತೆಯನ್ನು ನೋಡಿಯೂ ನಾನು ಕೈಕಾಲು ತೊಳೆದು ನೀರು ಕುಡಿದು ಸುಮ್ಮನಾದೆ. ತಪ್ಪು ಅವರದಲ್ಲ, ಸಾಲ ಹೇಗೂ ಸಿಗುತ್ತಿರಲಿಲ್ಲ ಎಂದ ಕೂಡಲೇ ಮನೆ ಮಾರುವ ಮಾತು ಮತ್ತೆ ಏಳುತ್ತಿತ್ತು, ಈ ಸಲ ಆಪರೇಷನ್ನಿಗೆ ಅಡ್ಡ ನಿಂತವಳು ನಾನೊಬ್ಬಳೇ ಆಗುತ್ತಿದ್ದೆ. ಅವರ ಬಾಯಿಯ ಹಿಂದೆ ನನಗೆ ಅಡಗಲು ಜಾಗವಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ. ಅಂಥ ನಾಳೆಗಳು ಎಂಬತ್ತೋ ತೊಂಬತ್ತೋ ಆದವು.

ಮೂರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ನಮ್ಮವರು ಹಲ್ಲುಜ್ಜುತ್ತಾ ಬಚ್ಚಲ ಬಾಗಿಲಲ್ಲೇ ಬಿದ್ದರು. ಕೊಪ್ಪಳದ ಆಸ್ಪತ್ರೆ ಮುಟ್ಟುವ ಮೊದಲೇ, ಭಾನಾಪುರದ ಹತ್ತಿರ, ಗಾಡಿಯಲ್ಲಿ ಜೀವ ಹೋಯಿತು. ಪಾಳಿ ಇನ್ನೂ ಬಂದಿರಲಿಲ್ಲ.

ಮಾತಾಡಿಸಲು ಬಂದವರೆಲ್ಲರ ಮುಂದೆ ಅತ್ತೆ ಎದೆ ಎದೆ ಬಡಿದುಕೊಂಡು ಅದನ್ನೇ ಹೇಳಿದರು. "ನನ್ನ ಬಾಯೇ ನನ್ನ ಮಗನ್ನ ನುಂಗಿತ್ರಿ." ಹೆಂಗಸರು ನನ್ನ ಕಡೆ ಕನಿಕರದಿಂದ ನೋಡುತ್ತಿದ್ದರು. ಎಷ್ಟು ಸಹಿಸಿಕೊಂಡಿದ್ದಾಳೆ ಎಂದು ಒಬ್ಬಾಕೆ ನನಗೆ ಕೇಳುವಂತೆಯೇ ಹೇಳಿದಳು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದೆ.

ವರ್ಷ ತುಂಬುವ ಮೊದಲೇ ಅತ್ತೆ ಮನೆಯನ್ನು ನನ್ನ ಹೆಸರಿಗೆ ಮಾಡಿಕೊಡುತ್ತೇನೆಂದು ಹಟ ಹಿಡಿದರು. ನಾನು ಬೇಡವೆಂದೆ, ಒಂದೇ ಸಲ. ಯಲಬುರ್ಗಾದ ಕಚೇರಿಯಲ್ಲಿ ಪತ್ರ ನೋಂದಾಯಿಸುವವರು ಕೇಳಿದರು. "ಯಾರದೂ ಒತ್ತಾಯ ಇಲ್ಲಲ್ಲಬೇ? ಮನಸ್ಸಿನಿಂದ ಕೊಡಾಕತ್ತೀ ಇಲ್ಲೋ?"

"ಹೌದ್ರಿ ಸಾಹೇಬ್ರ. ಈಕಿ ಗಂಡನ್ನ ನಾ ಕಳದೀನಿ. ಕೊಡಾಕ ನನ್ನ ಕಡೆ ಇದೊಂದ ಉಳದೈತಿ."

ಕೂಲಿ ಮಾಡಿ ಮಾಡಿ ಸವೆದ ಅವರ ಹೆಬ್ಬೆರಳು ಯಂತ್ರಕ್ಕೆ ಹತ್ತಲಿಲ್ಲ. ಒರೆಸಿ ಇಟ್ಟರೂ ಹತ್ತಲಿಲ್ಲ. "ಮೇಡಂ, ನೀವ ಒಂಚೂರು ಹಿಡದು ಒತ್ರಿ" ಎಂದರು ನೋಂದಣಿಯ ಸಾಹೇಬರು. ನಾನು ಅತ್ತೆಯ ಬೆರಳು ಹಿಡಿದು ಒತ್ತಿದೆ. ನಾಲ್ಕನೆಯ ಸಲಕ್ಕೆ ತಗೊಂಡಿತು.